ಹೊಸ್ತಿಲು: ನೂರಿಪ್ಪತ್ತೇಳು

ಸೊನ್ನೆ ಅಂದರೆ ಕಪ್ಪು, ಇನ್ನೂರೈವತ್ತೈದು ಬಿಳಿ,
ನಡುವಿನದೆಲ್ಲ ಬೂದು ಎಂದು ಬೋರ್ಡಿನ ಮೇಲೆ ಬರೆದೆ.
ಭದ್ರಾವತಿ, ಪಾಲಿಟೆಕ್ನಿಕ್ಕಿನ ಲ್ಯಾಬು, ಶನಿವಾರ ಮಧ್ಯಾಹ್ನ.
ಹನ್ನೊಂದು ಕಂಪ್ಯೂಟರು, ಇಪ್ಪತ್ತಾರು ಮಕ್ಕಳು,
ಮೂರು ತಿಂಗಳಿಂದ ಸಂಬಳವಾಗದ ಅತಿಥಿ ಉಪನ್ಯಾಸಕಿ ನಾನು.
ಅತಿಥಿಯಂತೆ! ಕಾಫಿ ಕೂಡ ನನ್ನದೇ ಫ್ಲಾಸ್ಕಿನದು.

ಎಣಿಕೆ ಸೊನ್ನೆಯಿಂದ ಶುರು ಎಂದಾಗ
ಮೊದಲ ಬೆಂಚಿನ ಹುಚ್ರಾಯಪ್ಪ ಎದ್ದು ನಿಂತ:
"ಹಾಗಾದ್ರೆ ನಾನು ಸೊನ್ನೆಯಾ ಮಿಸ್?"
"ಸೊನ್ನೆಯೇ. ನೀನಿಲ್ಲದೆ ಸಾಲೇ ಶುರುವಾಗಲ್ಲ, ಕೂತ್ಕೋ."

ಪುಸ್ತಕದಲ್ಲಿ ಥ್ರೆಶೋಲ್ಡ್ ಅಂತಿತ್ತು.
ಕನ್ನಡದಲ್ಲಿ ಹೇಳಿ ಎಂದಳು ಮುಬೀನಾ.
ಹೊಸ್ತಿಲು, ಅಂದೆ.
ಸಾಲು ಸಾಲಾಗಿ, ಸಾಲಿನೊಳಗೆ ಚುಕ್ಕಿ ಚುಕ್ಕಿಯಾಗಿ ಹೋಗಿ
ಒಂದೊಂದನ್ನೂ ಕೇಳುವುದು: ನಿನ್ನ ಅಂಕಿ ಎಷ್ಟು?
ನೂರಿಪ್ಪತ್ತೇಳು ದಾಟಿದರೆ ಬಿಳಿ, ಇಲ್ಲವೋ ಕಪ್ಪು.
ದಾಟಿದವರು ಒಳಗೆ, ದಾಟದವರು ಹೊರಗೆ, ಅಷ್ಟೇ.
ಆರು ಸಾಲಿನ ಪ್ರೋಗ್ರಾಮು.
ಬಿಟ್ಟುಹೋದ ಒಂದು ಕೋಲನ್ನಿಗಾಗಿ ಅರ್ಧ ಗಂಟೆ
ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕಿದೆವು.

ಫೋಟೋ ನಮ್ಮದೇ, ಹುಚ್ರಾಯಪ್ಪನ ಫೋನಿನದು.
ರನ್ ಒತ್ತಿದೆ.
ಕಿಟಕಿ ಬಂತು, ಶರ್ಟುಗಳು ಬಂದವು,
ಮುಬೀನಾಳ ದುಪಟ್ಟಾ, ನನ್ನ ಹಣೆ.
ಕೊನೆಯ ಬೆಂಚಿನ ಸೆಲ್ವಿ ಬರಲಿಲ್ಲ.
ಬೀರುವಿನ ನೆರಳೂ ಅವಳೂ ಕೂಡಿ ಒಂದೇ ಕಪ್ಪು,
ಅದರೊಳಗೆ ನಗುವ ಹಲ್ಲು ಮಾತ್ರ.
ಲ್ಯಾಬು ಗೊಳ್ಳೆಂದಿತು.
ಸೆಲ್ವಿಯೂ ನಕ್ಕಳು, ಅದೇ ಹಲ್ಲು.
ಅಳಿಸಲು ಹೋದೆ.
"ತಡೀರಿ ಮಿಸ್" ಎಂದು ಬಂದವಳು
ನನ್ನ ಕುರ್ಚಿಯಲ್ಲೇ ಕೂತಳು.

ತೊಂಬತ್ತು ಎಂದು ತಿದ್ದಿದಳು. ಕಿವಿ ಬಂತು.
ಎಪ್ಪತ್ತು. ಮೂಗು, ಗಲ್ಲ, ಜಡೆಯ ಅಂಚು.
ಐವತ್ತೆಂಟಕ್ಕೆ ಪೂರ್ತಿ ಸೆಲ್ವಿ,
ಆದರೆ ಉಳಿದವರೆಲ್ಲ ಸುಣ್ಣ ಬಳಿದ ಗೋಡೆ.
ಹುಚ್ರಾಯಪ್ಪನಿಗೆ ಮುಖವೇ ಇಲ್ಲ, ಬರೀ ಕ್ರಾಪು.
ಈ ಸಲ ನಕ್ಕವನು ಅವನೊಬ್ಬನೇ.

"ಎಲ್ಲರಿಗೂ ಒಂದೇ ಹೊಸ್ತಿಲು ಯಾಕೆ ಮಿಸ್?
ಪ್ರತಿ ಚುಕ್ಕಿನೂ ಅಕ್ಕಪಕ್ಕದೋರನ್ನ ಕೇಳ್ಕೊಂಡು
ತನ್ನದು ತಾನು ಕಟ್ಕೊಳ್ಳಲಿ."
ಅದು ಆರನೇ ಅಧ್ಯಾಯ. ನಾನಿನ್ನೂ ಎರಡರಲ್ಲಿದ್ದೆ.
ಸುಮ್ಮನೆ ಕುರ್ಚಿಯ ಪಕ್ಕ ನಿಂತೆ.

ಸುತ್ತಲ ಎಂಟು ಮನೆಯ ಅಂಕಿ, ಜೊತೆಗೆ ತನ್ನದು,
ಕೂಡಿಸಿ ಒಂಬತ್ತರಿಂದ ಭಾಗಿಸು.
ಓಡಿತು. ಮೊದಲ ಸಾಲಿನ ತುದಿಗೆ ಬಂದು ಮುಗ್ಗರಿಸಿತು.
ಕೆಂಪಕ್ಷರ: ಆಚೆ ಯಾರೂ ಇಲ್ಲ.
ತುದಿಯ ಚುಕ್ಕಿಗೆ ನೆರೆಯಿರುವುದಿಲ್ಲ ಕಣೇ, ಅಂದೆ,
ಅಂಚನ್ನು ಬಿಟ್ಟುಬಿಡೋದು ರೂಢಿ.

ಕೀಬೋರ್ಡಿನ ಮೇಲೆ ಕೈಯಿಟ್ಟು ಕೂತಳು ಸೆಲ್ವಿ.
ಪೇಪರ್ ಟೌನಿನ ಅವರ ಲೈನಿನಲ್ಲಿ
ದೀಪ ಉರಿಯುವ ಕಡೇ ಮನೆ ಅವರದು.
ಕಾರ್ಖಾನೆ ನಿಂತ ಮೇಲೆ
ಪಕ್ಕದಲ್ಲಿ ಬೀಗ, ಬೀಗದಾಚೆ ಲಂಟಾನದ ಪೊದೆ.
"ರಾತ್ರಿ ನಮ್ಮಮ್ಮ ವೈರ್ ಎಳೆದು
ಆ ಜಗುಲಿಗೂ ಒಂದು ಬಲ್ಬ್ ಹಾಕ್ತಾಳೆ ಮಿಸ್,
ಯಾರೋ ಇದಾರೆ ಅನ್ನಿಸ್ಲಿ ಅಂತ."
ಬೆರಳು ಆಡಿತು:
ಆಚೆ ಯಾರೂ ಇಲ್ಲದಿದ್ದರೆ
ನನ್ನ ಅಂಕಿಯನ್ನೇ ಇನ್ನೊಮ್ಮೆ ಎಣಿಸು.

ಮೊದಲು ರಾಗಿ ಚೆಲ್ಲಿದಂತೆ ಬಂತು.
ಕೇರಿ ಚಿಕ್ಕದಾಯ್ತು ಎಂದು ಇನ್ನಷ್ಟು ಮನೆ ಸೇರಿಸಿದಳು.
ಆಮೇಲೆ ಬಂದೆವು, ಇಪ್ಪತ್ತೇಳು ಮಂದಿಯೂ.
ಚೆನ್ನಾಗೇನೂ ಇರಲಿಲ್ಲ. ನನ್ನ ಕತ್ತಿನ ಸುಕ್ಕೂ ಬಂದಿತ್ತು,
ಬೀರುವಿಗೆ ಅಂಟಿಸಿದ್ದ ಹಳೇ ಟೈಮ್ ಟೇಬಲ್ಲೂ.

ಕರೆಂಟು ಹೋಗಿ ಯುಪಿಎಸ್ಸು ಕಿರುಚತೊಡಗಿತು.
ಬೇಗ ಸೇವ್ ಮಾಡು, ಅಂದೆ. ಹೆಸರು ಕೇಳಿತು.
"ಸೆಲ್ವಿ ಒಂದು ಅಂತ ಹಾಕೇ!" ಹುಚ್ರಾಯಪ್ಪ ಕೂಗಿದ.
ಅವಳು ಟೈಪು ಮಾಡಿದ್ದು:
ಸೆಲ್ವಿ ಸೊನ್ನೆ.